ಸಂಖ್ಯೆ ಏನು ಜ್ವರಾನಾ?

ಆ್ಯಪ್‌ಗಳಲ್ಲಿ ಬರುವ ಸಣ್ಣಪುಟ್ಟ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ಬಟನ್ ಮೇಲಿನ ಒಂದು ಪದ, ಏನಾದರೂ ಎಡವಟ್ಟಾದಾಗ ಕಾಣುವ ಒಂದು ಸಾಲು, ಫೋನಿನಲ್ಲಿ ಯಂತ್ರ ಆಡುವ ಮಾತು, ಇಂಥವೇ. ಎರಡು ಪುಟದ ಲೇಖನವಾದರೆ ಹೇಗೋ ಮುಗಿಸಬಹುದು. ಒಂದು ಬಟನ್‌ಗೆ ಪದ ಹುಡುಕುತ್ತಾ ಅರ್ಧ ದಿನ ಕಳೆದದ್ದಿದೆ.

ಒಮ್ಮೆ ಹೀಗೇ ಫೋನಿನಲ್ಲಿ ಕೇಳಿಸುವ ಸಾಲುಗಳನ್ನು ಬರೆದುಕೊಟ್ಟಿದ್ದೆ. ಧ್ವನಿ ಕೊಡಲು ಬಂದಿದ್ದವರು ನನಗಿಂತ ಹಿರಿಯರು. ನಾಲ್ಕೈದು ಸಾಲು ಸರಾಗವಾಗಿ ಓದಿದರು. ಆಮೇಲೆ ನಿಲ್ಲಿಸಿ, ಕನ್ನಡಕ ಮೇಲೆತ್ತಿ ಹಾಳೆಯನ್ನೇ ನೋಡಿದರು.

‘ಇದೇನ್ರೀ, “ನಿಮ್ಮ ಸಂಖ್ಯೆಯನ್ನು ಮರುಕಳಿಸಿ” ಅಂತ ಬರೆದಿದ್ದೀರಿ? ಸಂಖ್ಯೆ ಏನು ಜ್ವರಾನಾ?’

‘ಯಾಕೆ ಮೇಡಂ, ಮರುಕಳಿಸು ಅಂದ್ರೆ ರಿಪೀಟ್ ಅಲ್ವಾ?’ ಅಂದೆ.

‘ಅದು ತಾನಾಗಿ ಬರೋದು. ನೀವು ಬಾ ಅಂದ್ರೆ ಬರಲ್ಲ, ಬೇಡ ಅಂದ್ರೆ ಬಿಡಲ್ಲ.’

ನಾನು ಬೆಪ್ಪಾದೆ. ಅವರು ಹೇಳಿದ್ದು ಸರಿಯಾಗಿತ್ತು. ಜ್ವರ ಮರುಕಳಿಸುತ್ತದೆ. ಹಳೇ ಸೊಂಟನೋವು ಮರುಕಳಿಸುತ್ತದೆ. ‘ಇಂಥ ಘಟನೆ ಮರುಕಳಿಸದಂತೆ ನೋಡಿಕೊಳ್ಳುತ್ತೇವೆ’ ಅನ್ನುವ ಸಾಲಂತೂ ಪತ್ರಿಕೆಯಲ್ಲಿ ಆಗಾಗ ಸಿಗುತ್ತದೆ. ಇಲ್ಲೆಲ್ಲ ಮರುಕಳಿಸುವುದು ಜ್ವರ, ನೋವು, ಘಟನೆ. ಯಾರೂ ಯಾವುದನ್ನೂ ಮರುಕಳಿಸುತ್ತಿಲ್ಲ. ‘ಏನನ್ನು ಮರುಕಳಿಸಿದ?’ ಅಂತ ಕೇಳಿ ನೋಡಿ, ಪ್ರಶ್ನೆಯೇ ನಿಲ್ಲುವುದಿಲ್ಲ.

ನನ್ನನ್ನು ದಾರಿ ತಪ್ಪಿಸಿದ್ದು ಕೊನೆಯಲ್ಲಿರುವ ಆ ‘ಇಸು’. ಮಾಡು, ಮಾಡಿಸು. ಕಲಿ, ಕಲಿಸು. ಇದನ್ನು ನೋಡಿ ನೋಡಿ, ‘ಇಸು’ ಇದ್ದರೆ ಯಾರೋ ಏನನ್ನೋ ಮಾಡಿಸುತ್ತಿದ್ದಾರೆ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಆದರೆ ದೂರದಲ್ಲಿ ದೀಪ ಕಾಣಿಸುತ್ತದೆ, ನೆಲ ಕಂಪಿಸುತ್ತದೆ, ಮಗು ಜನಿಸುತ್ತದೆ. ಅಲ್ಲಿ ಯಾರು ಏನನ್ನು ಮಾಡಿಸಿದರು?

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಒಂದು ಸಲ ಹೋದದ್ದು ಮಾತ್ರ ಮರುಕಳಿಸಬಲ್ಲದು. ಗಡಿಯಾರ ಗಂಟೆಗೊಮ್ಮೆ ಹೊಡೆಯುತ್ತದೆ, ಅದನ್ನು ಮರುಕಳಿಸಿತು ಅನ್ನುವುದಿಲ್ಲ. ತಿಂಗಳ ಸಂಬಳವೂ ಮರುಕಳಿಸುವುದಿಲ್ಲ (ಎರಡು ತಿಂಗಳು ನಿಂತು ಬಂದರೆ ಅನ್ನಬಹುದೇನೋ!). ನಡುವೆ ಒಂದು ಬಿಡುವು ಬೇಕು. ಮುಗಿಯಿತು ಅಂದುಕೊಂಡಿರಬೇಕು. ಹಾಗಾಗಿಯೇ ಈ ಪದದಲ್ಲಿ ಕಾಯಿಲೆಯ ವಾಸನೆ ಸ್ವಲ್ಪ ಜಾಸ್ತಿ. ಒಳ್ಳೆಯದೂ ಮರುಕಳಿಸಬಹುದು, ‘ಗತವೈಭವ ಮರುಕಳಿಸಲಿ’ ಅಂತ ಹಾರೈಸುತ್ತಾರಲ್ಲ. ಅಲ್ಲೂ ವೈಭವ ಮೊದಲು ಹೋಗಿರಲೇಬೇಕು.

ಅದೇ ಫೈಲಿನಲ್ಲಿ ಇನ್ನೊಂದು ತಮಾಷೆಯೂ ಕಾದಿತ್ತು. ಓಟಿಪಿ ಬಾರದಿದ್ದಾಗ ಒತ್ತುತ್ತೇವಲ್ಲ, ಆ ರಿಸೆಂಡ್ ಬಟನ್‌ಗೂ ಯಾರೋ ‘ಮರುಕಳಿಸಿ’ ಅಂತಲೇ ಹಾಕಿದ್ದರು. ಮರು, ಕಳಿಸಿ. ಅಂದರೆ ಮತ್ತೆ ಕಳಿಸಿ! ಲೆಕ್ಕ ಸರಿಯಾಗೇ ಇದೆ, ನಡುವೆ ಜಾಗ ಬಿಟ್ಟರೆ ಅರ್ಥವೂ ಆಗುತ್ತದೆ. ಜಾಗ ಬಿಡದಿದ್ದರೆ ಓಟಿಪಿಗೂ ಜ್ವರ. ಅದನ್ನು ‘ಮತ್ತೆ ಕಳಿಸಿ’ ಅಂತ ತಿದ್ದಿದೆ.

ರಿಪೀಟ್‌ಗೆ ಏನು ಮಾಡೋದು? ‘ಪುನರಾವರ್ತಿಸಿ’ ಅಂದರೆ ತಪ್ಪಿಲ್ಲ. ಆದರೆ ಫೋನ್ ಹಿಡಿದವರಿಗೆ ಯಂತ್ರ ‘ಸಂಖ್ಯೆಯನ್ನು ಪುನರಾವರ್ತಿಸಿ’ ಅಂದರೆ ಒಂದು ಕ್ಷಣ ಗಾಬರಿಯಾಗುತ್ತದೆ. ‘ಪುನರುಚ್ಚರಿಸಿ’ ಸುದ್ದಿಯ ಭಾಷೆ, ಹಿಂದೆ ಹೇಳಿದ್ದಕ್ಕೇ ಗಟ್ಟಿಯಾಗಿ ನಿಂತುಕೊಂಡವರು ಪುನರುಚ್ಚರಿಸುತ್ತಾರೆ. ‘ಒಪ್ಪಿಸಿ’ ಅಂದರೆ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತ ಹಾಗೆ.

ಹಾಗಾದರೆ ನಾವು ದಿನಾ ಏನು ಹೇಳುತ್ತೇವೆ ಅಂತ ಯೋಚಿಸಿದೆ. ನನಗೆ ಖುಷಿ ಕೊಟ್ಟಿದ್ದು ಇದೇ. ಆಡುಮಾತಿನಲ್ಲಿ ಇದಕ್ಕಂತ ಬೇರೆ ಕ್ರಿಯಾಪದವನ್ನೇ ನಾವು ಹುಡುಕುವುದಿಲ್ಲ. ಇರುವ ಕ್ರಿಯಾಪದವನ್ನೇ ಎರಡು ಸಲ ಹೇಳಿಬಿಡುತ್ತೇವೆ. ಹೇಳಿದ್ದನ್ನೇ ಹೇಳುತ್ತಾನೆ. ಕೇಳಿದ್ದನ್ನೇ ಕೇಳುತ್ತಾಳೆ. ಕೂಗಿ ಕೂಗಿ ಗಂಟಲು ಒಣಗಿತು. ತಿದ್ದಿ ತಿದ್ದಿ ಸಾಕಾಯ್ತು. ಶಾಲೆಯ ವ್ಯಾಕರಣದಲ್ಲಿ ‘ದ್ವಿರುಕ್ತಿ’ ಅಂತ ಓದಿ, ‘ಕಟ್ಟಕಡೆ, ತುತ್ತತುದಿ, ಬಟ್ಟಬಯಲು’ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ ಇದು. ಆಗ ಎರಡು ಅಂಕದ ಪ್ರಶ್ನೆ ಅಂದುಕೊಂಡಿದ್ದೆ.

ಆದರೆ ‘ಹೇಳಿದ್ದನ್ನೇ ಹೇಳಿ’ ಅಂತ ಯಂತ್ರದ ಬಾಯಲ್ಲಿ ಹಾಕುವ ಹಾಗಿಲ್ಲ. ಆ ‘ಏ’ ಇದೆಯಲ್ಲ, ಅದರಲ್ಲಿ ಸಿಡುಕು ತುಂಬಿದೆ. ‘ಹಾಡಿದ್ದೇ ಹಾಡೋ ಕಿಸುಬಾಯಿ ದಾಸ’ ಅಂತ ಯಾರನ್ನೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಕಡೆಗೆ ಧ್ವನಿ ಕೊಡುವವರೇ ಕೇಳಿದರು: ‘ನಿಮಗೆ ಸರಿಯಾಗಿ ಕೇಳಿಸಲಿಲ್ಲ ಅಂದ್ರೆ ನೀವು ಏನಂತೀರಿ?’

‘ಇನ್ನೊಂದ್ಸಲ ಹೇಳಿ ಅಂತೀನಿ.’

‘ಮತ್ತೆ? ಅದನ್ನೇ ಬರೀರಿ.’

‘ನಿಮ್ಮ ಸಂಖ್ಯೆಯನ್ನು ಇನ್ನೊಮ್ಮೆ ಹೇಳಿ’ ಅಂತ ಬರೆದೆ. ಒಂದೇ ಉಸಿರಿಗೆ ಓದಿದರು, ಮುಗಿಯಿತು.

ಆಮೇಲೆ ಹಾಡು ಕೇಳುವ ಒಂದು ಆ್ಯಪ್‌ನ ಕೆಲಸ ಬಂತು. ಅದರಲ್ಲಿ ರಿಪೀಟ್ ಎರಡು ಥರ. ಒಂದು ಒತ್ತಿದರೆ ಹಾಡು ಇನ್ನೊಂದೇ ಸಲ ಬರುತ್ತದೆ, ಇನ್ನೊಂದು ಒತ್ತಿದರೆ ನಾವು ನಿಲ್ಲಿಸುವವರೆಗೂ ಬರುತ್ತಲೇ ಇರುತ್ತದೆ. ಜಾಗ ಇದ್ದದ್ದು ಬೆರಳಗಲ. ಮೊದಲನೆಯದಕ್ಕೆ ‘ಮತ್ತೊಮ್ಮೆ’ ಅಂತ ಹಾಕಿದೆ. ಎರಡನೆಯದಕ್ಕೆ ‘ಮತ್ತೆ ಮತ್ತೆ’.