ಅಘನಾಶಿನಿ ಅಳಿವೆಗೆ ಹೊರಟಿದ್ದೀರಾ? ಮೊದಲು ಇಳಿತದ ಹೊತ್ತು ನೋಡಿಕೊಳ್ಳಿ

ಗಂಗಾವತಿ, ಕೊಪ್ಪಳ, ಬಳ್ಳಾರಿ ಕಡೆಯಿಂದ ಗೋಕರ್ಣಕ್ಕೆ ಹೋಗುವವರು ಜಾಸ್ತಿ. ದೇವಸ್ಥಾನ, ಓಂ ಬೀಚ್, ಮುರುಡೇಶ್ವರ, ವಾಪಸ್. ಗೋಕರ್ಣದ ಪಕ್ಕದಲ್ಲೇ, ತದಡಿ ಹತ್ತಿರ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. 2024ರಲ್ಲಿ ಆ ಅಳಿವೆ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಜೊತೆಗೇ ನಮ್ಮ ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ ಕೆರೆಯೂ ಸೇರಿತು (ಅದನ್ನೂ ನೋಡಿಲ್ಲದವರು ಎಷ್ಟೋ ಜನ, ಇರಲಿ ಬಿಡಿ). ನಾನು ಮನೆಯವರ ಜೊತೆ ಹೋಗಿ ಬಂದೆ. ಹೊರಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ದಾರಿ ಸುಲಭ. ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಅಂದರೆ ಹಳೆಯ ಅಂಕೋಲಾ–ಗುತ್ತಿ ಹೆದ್ದಾರಿ. ರಾಯಚೂರಿನವರು ಸಿಂಧನೂರು, ಗಂಗಾವತಿ ಮೇಲೆ ಬಂದು ಇದೇ ರಸ್ತೆ ಹಿಡಿಯಬಹುದು. ರೈಲು ನಂಬಿದರೆ ಹುಬ್ಬಳ್ಳಿಯಲ್ಲಿ ಇಳಿದು ಬಸ್ ಹತ್ತಬೇಕು, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಮಾತು ನಮ್ಮ ಅಪ್ಪನ ಕಾಲದಿಂದಲೂ ಕೇಳುತ್ತಿದ್ದೇವೆ. ಮಳೆಗಾಲದಲ್ಲಿ ಮಾತ್ರ ಬೇಡ. ಘಟ್ಟದಲ್ಲಿ ಗುಡ್ಡ ಕುಸಿಯುತ್ತದೆ, ಹಕ್ಕಿಗಳೂ ಅಷ್ಟಾಗಿ ಇರುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ವಲಸೆ ಹಕ್ಕಿಗಳು ಬಂದಿರುತ್ತವೆ.

ಈಗ ಮುಖ್ಯ ವಿಷಯ. ನಮ್ಮ ಕಡೆ ಹೊಳೆಯಲ್ಲಿ ನೀರು ಎಷ್ಟಿದೆ ಅನ್ನೋದು ಡ್ಯಾಂ ಗೇಟಿನ ಮೇಲೆ. ಅಲ್ಲಿ ಚಂದ್ರನ ಮೇಲೆ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಆದ್ದರಿಂದ ರೂಮ್ ಬುಕ್ ಮಾಡುವ ಮೊದಲೇ ಮೊಬೈಲ್‌ನಲ್ಲಿ ಉಬ್ಬರ-ಇಳಿತದ ಹೊತ್ತು ನೋಡಿ. ಬೆಳಿಗ್ಗೆ ಇಳಿತ ಇರುವ ದಿನ ಸಿಕ್ಕರೆ ಬಿಡಬೇಡಿ.

ಇಳಿತದಲ್ಲಿ ಕೆಸರು ಬಯಲಾಗುತ್ತದೆ, ನೋಡುವುದು ಇರೋದೇ ಆಗ. ದಡದಲ್ಲಿ ಸುಮ್ನೆ ಐದು ನಿಮಿಷ ಅಲುಗಾಡದೆ ನಿಂತುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದೇ ತೂತಿನಿಂದ ಉಗುರಿನಷ್ಟು ಏಡಿಗಳು ಹೊರಬರುತ್ತವೆ. ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಅದನ್ನು ಮೇಲೆ ಕೆಳಗೆ ಬೀಸಿ ಹೆಣ್ಣನ್ನು ಕರೆಯುತ್ತದೆ, ಇನ್ನೊಂದು ಪುಟ್ಟ ಕೊಂಡಿಯಲ್ಲಿ ಕೆಸರು ತೆಗೆದು ಬಾಯಿಗೆ ಹಾಕುತ್ತಿರುತ್ತದೆ. ಪಕ್ಕದಲ್ಲೇ ಕೆಸರಿನ ಮೇಲೆ ಜಿಗಿಯುವ ಸಣ್ಣ ಮೀನು. ಮೀನು ನೀರಿಲ್ಲದೆ ಓಡಾಡುತ್ತಿದೆ ಅಂತ ನನ್ನ ತಂಗಿ ಮಗ ನಂಬಲೇ ಇಲ್ಲ. ಇವನ್ನು ತಿನ್ನಲು ಬೆಳ್ಳಕ್ಕಿ, ಮಿಂಚುಳ್ಳಿ, ಉದ್ದ ಕೊಕ್ಕಿನ ವಲಸೆ ಹಕ್ಕಿಗಳು. ಮೇಲೆ ಗರುಡ. ಸೊಂಟದಮಟ್ಟ ನೀರಲ್ಲಿ ನಿಂತು ಹೆಂಗಸರು ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುತ್ತಿರುತ್ತಾರೆ, ಅದು ಅವರ ದುಡಿಮೆ, ಕೇಳದೆ ಫೋಟೋ ತೆಗೆಯಬೇಡಿ.

ಉಬ್ಬರ ಬಂದಾಗ ದೋಣಿ ಹಿಡಿಯಿರಿ, ಆಗಲೇ ಕಾಂಡ್ಲಾ (ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಕಾಲುವೆಗೆ ದೋಣಿ ನುಗ್ಗುವುದು. ಕೆಲವು ಗಿಡಗಳ ಬೇರು ಕಾಂಡದಿಂದಲೇ ಇಳಿದು ಊರುಗೋಲಾಗಿ ನಿಂತಿರುತ್ತವೆ, ಇನ್ನು ಕೆಲವದರ ಬೇರು ಉಸಿರಾಡಲು ಕೆಸರಿನಿಂದ ಮೇಲೆದ್ದಿರುತ್ತವೆ. ಬೀಜ ಮರದಲ್ಲೇ ಮೊಳೆತು ನುಗ್ಗೆಕಾಯಿ ಹಾಗೆ ನೇತಾಡುತ್ತಿರುತ್ತದೆ. ದೋಣಿಯವರ ಜೊತೆ ರೇಟು ಮೊದಲೇ ಮಾತಾಡಿಕೊಳ್ಳಿ, ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ.

ನೀರುನಾಯಿ ಅಲ್ಲೂ ಇವೆ, ನಮಗೆ ಕಾಣಲಿಲ್ಲ. ಅದಕ್ಕೆ ಅಷ್ಟು ದೂರ ಹೋಗುವುದೂ ಬೇಡ, ಟಿ.ಬಿ. ಡ್ಯಾಂ ಕೆಳಗಿನಿಂದ ಕಂಪ್ಲಿವರೆಗೆ ನಮ್ಮ ತುಂಗಭದ್ರೆಯಲ್ಲೇ ಅವುಗಳಿಗೆ ಮೀಸಲು ಪ್ರದೇಶ ಇದೆ.

ಸಮಯ ಇದ್ದರೆ ಹೊನ್ನಾವರಕ್ಕೂ ಹೋಗಿ. ಶರಾವತಿ ಅಳಿವೆಯಲ್ಲಿ ಕಾಂಡ್ಲಾ ಕಾಡಿನೊಳಗೆ ನಡೆಯುವ ಅಟ್ಟಣಿಗೆ ದಾರಿ ಮಾಡಿದ್ದಾರೆ, ವಯಸ್ಸಾದವರು ಜೊತೆಗಿದ್ದರೆ ಅದೇ ಸರಿ. ಆದರೆ ಎರಡೂ ಹೊಳೆ ಒಂದೇ ಅಲ್ಲ. ಶರಾವತಿಗೆ ಲಿಂಗನಮಕ್ಕಿ ಡ್ಯಾಂ ಇದೆ, ಕರೆಂಟ್ ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ ಬರುತ್ತದೆ, ಅಳಿವೆಯಲ್ಲಿ ಉಪ್ಪು ಕಡಿಮೆ, ಬಳಚೂ ಕಡಿಮೆ. ಅಘನಾಶಿನಿಗೆ ಡ್ಯಾಂ ಇಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಆ ಏರುಪೇರಿಗೇ ಒಗ್ಗಿಕೊಂಡ ಚಿಪ್ಪು, ಸಿಗಡಿ, ಏಡಿ ಅಲ್ಲಿ ಹೇರಳ. ಡ್ಯಾಂ ನೀರು ಕುಡಿದು ಭತ್ತ ಬೆಳೆಯುವ ನಾನು ಇದನ್ನು ಹೇಳೋದು ತಮಾಷೆಯೇ, ಆದ್ರೂ ನೋಡಿದ್ದು ನೋಡಿದ್ದೇ.

ರೈತರಾಗಿದ್ದರೆ ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳನ್ನು (ಅಳಿವೆಯ ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ತಪ್ಪಿಸಬೇಡಿ. ಅಲ್ಲಿ ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ನಮ್ಮ ಕಾಲುವೆ ಕೊನೆಯ ಸವಳು-ಜವಳು ಜಮೀನು ನೆನಪಾಗದೆ ಇರಲ್ಲ. ಗದ್ದೆಯಲ್ಲಿ ಪೈರು ನೋಡಬೇಕೆಂದರೆ ಮಾತ್ರ ಮಳೆ ಮುಗಿಯುತ್ತಿದ್ದ ಹಾಗೇ ಹೋಗಬೇಕು, ಚಳಿಗಾಲಕ್ಕೆ ಕೊಯ್ಲು ಮುಗಿದಿರುತ್ತದೆ.

ತೆಗೆದುಕೊಂಡು ಹೋಗಬೇಕಾದ್ದು ಬೈನಾಕ್ಯುಲರ್, ಟೋಪಿ, ಹಿಂದೆ ಪಟ್ಟಿ ಇರುವ ಚಪ್ಪಲಿ. ಬರಿಗಾಲಲ್ಲಿ ಇಳಿಯಬೇಡಿ, ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ವಾಪಸ್ ಬರುವಾಗ ಅಂಕೋಲಾ–ಯಲ್ಲಾಪುರ ನಡುವಿನ ಅರಬೈಲು ಘಟ್ಟವನ್ನು ಕತ್ತಲಾಗುವ ಮೊದಲೇ ಹತ್ತಿಬಿಡಿ, ರಾತ್ರಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಹುಬ್ಬಳ್ಳಿಯಲ್ಲಿ ಊಟ ಸಿಗೋದೂ ಕಷ್ಟ.