ಎಂಜಿನ್ ನಿಂತರೂ ನಿಲ್ಲದ ಪಂಪ್

ಹಳೆಯ ಕಾರು ಕೊಂಡರೆ ಹಿಂದಿನವರು ಮಾಡಿಸಿದ ರಿಪೇರಿಗಳೂ ಅದರ ಜೊತೆಗೇ ಬರುತ್ತವೆ. ನನ್ನ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಕಾರಿನ ಜೊತೆ ಬಂದದ್ದು ಟ್ಯಾಂಕಿನಿಂದ ಪೆಟ್ರೋಲ್ ಕಳಿಸುವ ಒಂದು ಎಲೆಕ್ಟ್ರಿಕ್ ಫ್ಯೂಯಲ್ ಪಂಪ್. ಕಾರಿನ ಮೂಲ ಪಂಪನ್ನು ಎಂಜಿನ್ನಿನ ಕ್ಯಾಮ್, ಅಂದರೆ ಎಂಜಿನ್ ಜೊತೆ ತಿರುಗುವ ಉಬ್ಬು, ನಡೆಸುತ್ತಿತ್ತು. ಅದು ಕೆಟ್ಟಿರಬೇಕು, ಯಾರೋ ಟ್ಯಾಂಕ್ ಹತ್ತಿರ ಎಲೆಕ್ಟ್ರಿಕ್ ಪಂಪ್ ಕೂರಿಸಿ ಇಗ್ನಿಷನ್‌ನಿಂದ ನೇರವಾಗಿ ವೈರ್ ಎಳೆದುಬಿಟ್ಟಿದ್ದರು. ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ರಿಲೇ ಇಲ್ಲ, ಫ್ಯೂಸ್ ಕೂಡ ಇಲ್ಲ. ಆದರೂ ಕಾರು ಚೆನ್ನಾಗಿಯೇ ಓಡುತ್ತಿತ್ತು, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ, ಸ್ಪಾರ್ಕಿಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಕರೆಂಟ್ ಬರುತ್ತಿದೆಯಾ ಅಂತ ನೋಡಲು ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಬಾನೆಟ್ ಎತ್ತಿದ್ದೆ. ಹಿಂದುಗಡೆ ಪಂಪ್ ಟಕ್ ಟಕ್ ಅನ್ನುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಪೆಟ್ರೋಲ್ ವಾಸನೆ. ನೋಡಿದರೆ ಕಾರ್ಬುರೇಟರ್ ತುಂಬಿ ಮ್ಯಾನಿಫೋಲ್ಡ್ ಮೇಲೆ ತೊಟ್ಟಿಕ್ಕುತ್ತಿದೆ! ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯಬೇಕಾದ ನೀಡಲ್ ವಾಲ್ವ್‌ಗೆ ಕಸ ಸಿಕ್ಕಿ ಅದು ಪೂರ್ತಿ ಮುಚ್ಚಿಕೊಂಡಿರಲಿಲ್ಲ. ಎಂಜಿನ್ ತಣ್ಣಗಿತ್ತು, ಬಚಾವ್.

ಕ್ಯಾಮ್ ನಡೆಸುವ ಪಂಪ್‌ಗೆ ಈ ರೋಗವಿಲ್ಲ, ಎಂಜಿನ್ ನಿಂತರೆ ಅದೂ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪ್‌ಗೆ ಎಂಜಿನ್ ಓಡುತ್ತಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ, ಕೀ ಆನ್ ಇದ್ದರೆ ಸಾಕು. ಅಪಘಾತವಾಗಿ, ಪೈಪ್ ಹರಿದು, ಒಳಗಿದ್ದವರಿಗೆ ಕೀ ತಿರುಗಿಸಲೂ ಆಗದೆ ಇರುವಾಗ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ ಅಲ್ವಾ? ಅವತ್ತೇ ಆಟೋ ಎಲೆಕ್ಟ್ರಿಕ್ ಕೆಲಸ ಬಲ್ಲ ಗೆಳೆಯನನ್ನು ಕರೆದೆ.

"ಮೊದಲು ಆಯಿಲ್ ಪ್ರೆಶರ್ ಸ್ವಿಚ್ ಹಾಕು ಮಾರಾಯ" ಅಂದ. ಎಂಜಿನ್ ನಿಂತರೆ ಆಯಿಲ್ ಪ್ರೆಶರ್ ಇಳಿಯುತ್ತದೆ, ಪಂಪ್ ಕಟ್ ಆಗುತ್ತದೆ. ಆಯಿಲ್ ಖಾಲಿಯಾದರೂ ಕಟ್. ಆದರೆ ಸ್ಟಾರ್ಟ್ ಮಾಡುವಾಗ ಪ್ರೆಶರ್ ಏರಲು ಸಮಯ ಬೇಕು, ಹಾಗಾಗಿ ಮೂರು ಟರ್ಮಿನಲ್ಲಿನ ಸ್ವಿಚ್ ತಂದು ಸೆಲ್ಫ್ ಹೊಡೆಯುವಾಗ ಸ್ಟಾರ್ಟರ್ ಕಡೆಯಿಂದ ಕರೆಂಟ್ ಕೊಡಬೇಕು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಆಯಿಲ್ ಲೈನ್‌ನಲ್ಲಿ ಇನ್ನೊಂದು ಟೀ ಜಾಯಿಂಟ್ ಅಂದರೆ ಸೋರಲು ಇನ್ನೊಂದು ಜಾಗ. ಎಂಜಿನ್ ತಿರುಗುವಾಗ ಕಾಯಿಲ್‌ನಲ್ಲಿ ಬರುವ ಪಲ್ಸ್ (ಕರೆಂಟಿನ ಮಿಡಿತ) ನೋಡಿ ಕೆಲಸ ಮಾಡುವ ರಿಲೇಯೇ ಸಾಕು ಅಂದೆ. ಕೀ ಹಾಕಿದಾಗ ಒಂದೆರಡು ಸೆಕೆಂಡ್ ಪಂಪ್ ಓಡಿಸುತ್ತದೆ, ಆಮೇಲೆ ಪಲ್ಸ್ ಬಂದರೆ ಮಾತ್ರ ಕರೆಂಟ್ ಬಿಡುತ್ತದೆ. ಸ್ವಲ್ಪ ಗೊಣಗಿ ಒಪ್ಪಿಕೊಂಡ.

ಜೊತೆಗೆ ಡಿಕ್ಕಿಯ ಪೆಟ್ಟಿಗೆ ಕರೆಂಟ್ ಕಡಿಯುವ ಇನರ್ಷಿಯಾ ಸ್ವಿಚ್ ಬೇಕೇ ಬೇಕು ಅನ್ನುವುದರಲ್ಲಿ ಇಬ್ಬರದೂ ಒಂದೇ ಮಾತು. ಡಿಕ್ಕಿ ಹೊಡೆದ ಮೇಲೂ ಕೆಲವೊಮ್ಮೆ ಎಂಜಿನ್ ಓಡುತ್ತಲೇ ಇರುತ್ತದೆ, ಆಗ ರಿಲೇಗೆ ಏನೂ ತಿಳಿಯುವುದಿಲ್ಲ. ಇನರ್ಷಿಯಾ ಸ್ವಿಚ್‌ನೊಳಗೆ ಒಂದು ಉಕ್ಕಿನ ಗುಂಡು, ಅದನ್ನು ಹಿಡಿದಿಡಲು ಒಂದು ಅಯಸ್ಕಾಂತ. ಜೋರಾಗಿ ಪೆಟ್ಟು ಬಿದ್ದರೆ ಗುಂಡು ಬಿಡಿಸಿಕೊಂಡು ಮೇಲೇರಿ ಪ್ಲೇಟಿಗೆ ಬಡಿದು ಕರೆಂಟ್ ಕಡಿಯುತ್ತದೆ. ಎಂಥ ಸರಳ ಬುದ್ಧಿವಂತಿಕೆ! ಆದರೆ ಅದನ್ನು ನೆಟ್ಟಗೆ, ಗಟ್ಟಿಯಾದ ಬಾಡಿ ಲೋಹಕ್ಕೇ ಬಿಗಿಯಬೇಕು. ಅಲುಗಾಡುವ ಪ್ಲಾಸ್ಟಿಕ್ ಪ್ಯಾನೆಲ್‌ಗೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಕಾಲಿಡುವ ಜಾಗದ ಪಕ್ಕದ ಗೋಡೆಗೆ ಹಾಕಿ, ರಿಲೇಗೆ ಹೋಗುವ ಇಗ್ನಿಷನ್ ವೈರಿನ ಮಧ್ಯೆ ಸೇರಿಸಿದೆವು. ಪಂಪ್‌ನ ಕರೆಂಟ್ ಬ್ಯಾಟರಿಯಿಂದಲೇ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು.

ನೀಡಲ್ ವಾಲ್ವ್ ಶುಚಿ ಮಾಡಿದ ಮೇಲೆ ಪರೀಕ್ಷೆ. ಕೀ ಆನ್ ಮಾಡಿದೆ, ಪಂಪ್ ಎರಡು ಸಲ ಟಕ್ ಟಕ್ ಅಂದು ಸುಮ್ಮನಾಯಿತು. ಸ್ಟಾರ್ಟ್ ಮಾಡಿದೆ, ಮತ್ತೆ ಶುರು. ಕಾಯಿಲ್ ವೈರ್ ಎಳೆದಾಗ ಎಂಜಿನ್ನೂ ಪಂಪೂ ಒಟ್ಟಿಗೇ ನಿಂತವು. ಇನರ್ಷಿಯಾ ಸ್ವಿಚ್ ಬಿಚ್ಚಿ ಅಂಗೈಗೆ ಜೋರಾಗಿ ಬಡಿದರೆ ಮೇಲಿನ ಬಟನ್ ಟಪ್ ಅಂತ ಹಾರಿತು.

ಇಷ್ಟಾದರೂ ಎಂಜಿನ್ ಓಡುತ್ತಿರುವಾಗಲೇ ಪೈಪ್ ಸೋರಿದರೆ ಈ ಎರಡರಲ್ಲಿ ಯಾವುದೂ ಕಟ್ ಮಾಡುವುದಿಲ್ಲ. ಅದಕ್ಕೇ ಮಧ್ಯಾಹ್ನ ಕೂತು ಬಿರುಕು ಬಿಟ್ಟ ರಬ್ಬರ್ ಪೈಪ್‌ಗಳನ್ನೂ ಕ್ಲಾಂಪ್‌ಗಳನ್ನೂ ಬದಲಿಸಿದೆವು. ಕಾರು ಓಡಿಸುವ ಮನೆಯವರಿಗೆಲ್ಲ ಇನರ್ಷಿಯಾ ಸ್ವಿಚ್‌ನ ಆ ಬಟನ್ ಎಲ್ಲಿದೆ ಅಂತ ತೋರಿಸಿದ್ದೇನೆ. ಅದು ಹಾರಿದ್ದರೆ ಮೊದಲು ಕೆಳಗೆ ಬಗ್ಗಿ ಪೆಟ್ರೋಲ್ ಸೋರುತ್ತಿದೆಯಾ ನೋಡಿ, ವಾಸನೆ ಇಲ್ಲ ಅಂತ ಖಾತ್ರಿಯಾದ ಮೇಲೆ ಒತ್ತಿ ಅಂತಲೂ ಹೇಳಿದ್ದೇನೆ.