ಪುರೋಹಿತರ ಮನೆಯ ಚೌತಿ

ಭಾದ್ರಪದ ಶುಕ್ಲ ಚೌತಿಯಂದು ಗಣಪತಿಯ ಪೂಜೆಗೆ ಮಧ್ಯಾಹ್ನವೇ ಮುಖ್ಯ ಕಾಲ ಎನ್ನುತ್ತದೆ ಶಾಸ್ತ್ರ. ಆ ಮಧ್ಯಾಹ್ನ ಊರಿನ ಎಲ್ಲ ಮನೆಗೂ ಬೇಕು. ಹಾಗಾಗಿ ತೀರ್ಥಹಳ್ಳಿ ಕಡೆಯ ನಮ್ಮ ತವರಿನ ಗಣಪತಿಗೆ ಪೂಜೆಯಾಗುತ್ತಿದ್ದುದು ಬೆಳಕು ಹರಿಯುವ ಮೊದಲೇ. ಕಾಲ ಮೀರಿದ ಪೂಜೆಯಲ್ಲವೇ ಎಂದು ಯಾರೋ ಕೇಳಿದಾಗ ಅಜ್ಜಿ, "ಅವನ ಕೆಲಸಕ್ಕೇ ತಾನೇ ನಮ್ಮವನು ಹೊರಡುವುದು, ಅವನಿಗೆ ಗೊತ್ತಾಗುತ್ತದೆ" ಎಂದಿದ್ದಳು.

ಅಪ್ಪಯ್ಯ ಹಿಂದಿನ ದಿನವೆಲ್ಲ ಸ್ವರ್ಣಗೌರಿಯ ಪೂಜೆಗೆಂದು ಮನೆಮನೆ ತಿರುಗಿ ಬಂದಿರುತ್ತಿದ್ದರು. ನಾವು ಮಕ್ಕಳು ಗುಡ್ಡದಿಂದ ತಂದ ಗೌರಿ ಹೂ, ತೋಟದ ಹಸಿ ಅಡಿಕೆಕೊನೆ, ಮಾವಿನ ಸೊಪ್ಪು, ಮೊಗೆಕಾಯಿ ಎಲ್ಲವೂ ರಾತ್ರಿಯೇ ಗಣಪತಿಯ ಮೇಲೆ ಕಟ್ಟುವ ಫಲಾವಳಿಗೆ ಏರುತ್ತಿದ್ದವು. 21 ಪತ್ರೆಗಳಲ್ಲಿ ಸಿಗದೆ ಉಳಿದವುಗಳ ಬದಲಿಗೆ ಗರಿಕೆ. ಅಮ್ಮ ಯಾವಾಗ ಎದ್ದು ಮಡಿಯುಟ್ಟು ಕಡುಬು, ಪಂಚಕಜ್ಜಾಯ ಮಾಡಿ ಮುಗಿಸುತ್ತಿದ್ದಳೋ ನಮಗೆ ತಿಳಿಯುತ್ತಲೇ ಇರಲಿಲ್ಲ. ನಮ್ಮನ್ನು ಎಬ್ಬಿಸುತ್ತಿದ್ದುದು ಅಪ್ಪಯ್ಯನ ಸ್ವರ. ಪ್ರಾಣಪ್ರತಿಷ್ಠೆಯ ಮಂತ್ರ ಹೇಳುವಾಗ ಆ ಸ್ವರ ಹೊರಗಿನ ಜಡಿಮಳೆಯನ್ನೂ ಮೀರಿ ಅಟ್ಟದವರೆಗೆ ತುಂಬಿಕೊಳ್ಳುತ್ತಿತ್ತು. ಮಣ್ಣಿನ ಮೂರ್ತಿಯಲ್ಲಿ ದೇವರು ಬಂದು ಕೂತನೆಂದು ನಾನು ನಂಬಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಇಂದಿಗೂ ಗಣಪತಿ ಎಂದರೆ ನನಗೆ ಮೊದಲು ಕೇಳುವುದು ಅದೇ.

ಮಂಗಳಾರತಿಯಾದದ್ದೇ ತಡ, ಪಟ್ಟೆಮಡಿಯನ್ನು ಚೀಲಕ್ಕೆ ತುರುಕಿ, ಕೊಡೆ ಬಿಚ್ಚಿ ಅಪ್ಪಯ್ಯ ಸಂಕ ದಾಟಿ ಹೋಗಿಬಿಡುತ್ತಿದ್ದರು. ಸ್ಯಮಂತಕ ಮಣಿಯ ಕಥೆ ಹೇಳುವುದಕ್ಕೆ ಸಮಯವೆಲ್ಲಿ? ಕಥೆ ಕೇಳದೆ ವ್ರತ ಪೂರ್ತಿಯಾಗುವಂತಿಲ್ಲ. "ಕಥೆ ರಾತ್ರಿಗೆ" ಎಂದು ಅಜ್ಜಿ ಅಕ್ಷತೆಯ ಬಟ್ಟಲನ್ನು ಗಣಪತಿಯ ಪಕ್ಕಕ್ಕೆ ಸರಿಸಿಡುತ್ತಿದ್ದಳು.

ಅಪ್ಪಯ್ಯ ತಿರುಗಿ ಬರುವಾಗ ಕತ್ತಲು. ಮೋಡ ಕವಿದಿದ್ದರೂ ಚೌತಿಯ ಚಂದ್ರ ಕಂಡುಬಿಟ್ಟಾನೆಂದು ಕೊಡೆ ತಗ್ಗಿಸಿಕೊಂಡೇ ಅಂಗಳಕ್ಕೆ ಇಳಿಯುತ್ತಿದ್ದರು. ಪಂಚೆಯ ಅಂಚಿನಲ್ಲಿ ಇಂಬಳ ಕಚ್ಚಿದ ರಕ್ತದ ಕಲೆ, ಇಡೀ ದಿನ ನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕುಗಟ್ಟಿದ ಅಂಗಾಲು. ಅಮ್ಮ ಹಂಡೆಯ ಬಿಸಿನೀರು ತಂದು ಸುರಿಯುತ್ತಿದ್ದಳು. ಬೆಳಗಿನ ಆ ಸ್ವರ ಅಷ್ಟು ಹೊತ್ತಿಗೆ ಪೂರ್ತಿ ಒಡೆದು ಹೋಗಿರುತ್ತಿತ್ತು, "ಊಟ ಆಯಿತಾ?" ಎಂಬ ನಮ್ಮ ಪ್ರಶ್ನೆಗೂ ತಲೆಯಾಡಿಸಿಯೇ ಉತ್ತರ.

ಆಗ ಅಜ್ಜಿ ಕಥೆ ಶುರು ಮಾಡುತ್ತಿದ್ದಳು. ಅದೇ ಕಥೆಯನ್ನು ದಿನವಿಡೀ ಮನೆಮನೆಯಲ್ಲಿ ಹೇಳಿ ಬಂದ ಅಪ್ಪಯ್ಯ ನಮ್ಮ ಸಾಲಿನಲ್ಲಿ ಕೂತು, ಅಂಗೈಯಲ್ಲಿ ಅಕ್ಷತೆ ಹಿಡಿದು, ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು. ಪ್ರಸೇನನನ್ನು ಸಿಂಹ ಕೊಂದದ್ದು, ಸಿಂಹವನ್ನು ಜಾಂಬವ ಕೊಂದದ್ದು, ಕೃಷ್ಣನ ಮೇಲೆ ಕಳ್ಳತನದ ಅಪವಾದ ಬಂದದ್ದು. ಗುಹೆಯಲ್ಲಿ ತೊಟ್ಟಿಲ ಮಗುವಿಗೆ ದಾದಿ 'ಸುಕುಮಾರಕ ಮಾ ರೋದೀಃ' ಎನ್ನುವ ಜಾಗಕ್ಕೆ ಬಂದರೆ ಅಜ್ಜಿ ನಮ್ಮ ಕಡೆ ನೋಡುತ್ತಿರಲಿಲ್ಲ. ಅಳಬೇಡ ಮಗುವೇ, ಈ ಮಣಿ ನಿನ್ನದೇ ಎಂದು, ದಣಿದು ಗೋಡೆಗೊರಗಿದ ತನ್ನ ಮಗನನ್ನೇ ನೋಡುತ್ತ ನಿಧಾನವಾಗಿ ಹೇಳುತ್ತಿದ್ದಳು. ಊರಿಗೆಲ್ಲ ಆಶೀರ್ವಾದ ಮಾಡಿ ಬಂದವರಿಗೆ ಆಶೀರ್ವಾದ ಸಿಗುತ್ತಿದ್ದುದು ಆ ಹೊತ್ತಿನಲ್ಲಿ. ಎಷ್ಟು ದೊಡ್ಡ ಪುರೋಹಿತನಾದರೂ ತಾನೂ ಒಮ್ಮೆ ಕೇಳುಗನಾಗಿ ಕೂರಬೇಕು. ಅದನ್ನು ನಾನು ಕಲಿತದ್ದು ಅಲ್ಲಿ.

ಅಜ್ಜಿ ಈಗಿಲ್ಲ. ಪೌರೋಹಿತ್ಯ ಅಣ್ಣನ ಹೆಗಲಿಗೆ ಬಂದಿದೆ. "ಕಥೆ ಬೇಡ ಭಟ್ಟರೇ, ಬೇಗ ಮುಗಿಸಿ, ನೆಂಟರು ಕಾಯುತ್ತಿದ್ದಾರೆ" ಎನ್ನುವ ಮನೆಗಳು ಹೆಚ್ಚಾಗಿವೆ. ಮಂತ್ರ ನಡೆಯುತ್ತಿರುವಾಗಲೇ ಫೋಟೋಗೆ ಈ ಕಡೆ ನೋಡಿ ಎನ್ನುತ್ತಾರಂತೆ. ನೋವಾಗುತ್ತದೆ. ವರ್ಷಕ್ಕೊಮ್ಮೆ ಮನೆಗೆ ಬರುವ ದೇವರ ಮುಂದೆ ಒಂದು ಕಥೆ ಕೇಳುವಷ್ಟು ಹೊತ್ತು ಕೂರಲಾರೆವೇ? ಆದರೂ ಈ ಸಲ ಒಂದು ಮನೆಯಲ್ಲಿ, ಮಗ ಅವಸರ ಮಾಡುತ್ತಿದ್ದರೂ ವಯಸ್ಸಾದ ತಾಯಿ ಅಕ್ಷತೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕಥೆಯಾಗದೆ ಬಿಡುವುದಿಲ್ಲ ಎಂದು ಕೂತುಬಿಟ್ಟರಂತೆ. ಅಣ್ಣ ಅದನ್ನು ಹೇಳುವಾಗ ಅವನ ಕಣ್ಣು ತುಂಬಿತ್ತು.

ಆ ರಾತ್ರಿ ನಮ್ಮ ಮನೆಯಲ್ಲಿ ಕಥೆ ಹೇಳಿದ್ದು ಅಮ್ಮ. ಅಪ್ಪಯ್ಯ ಮತ್ತು ಅಣ್ಣ ಅಕ್ಕಪಕ್ಕ ಕೂತು ಕೇಳಿದರು. ಮರುದಿನದಿಂದ ಅತ್ತಿಗೆಗೆ ಊರಿನವರು ಕೊಟ್ಟ ತೆಂಗಿನಕಾಯಿ ಕಡಿಗಳ ಕೆಲಸ. ಬಿಸಿಲಿಲ್ಲದ ಊರಾದ್ದರಿಂದ ಅಟ್ಟದ ಹೊಗೆಯಲ್ಲೇ ಒಣಗಿಸಿ ಕಾರ್ತಿಕದ ದೀಪಕ್ಕೆ ಎಣ್ಣೆ ಮಾಡಿಸುವುದು ನಮ್ಮಲ್ಲಿ ನಡೆದು ಬಂದದ್ದು. ಇನ್ನು ಅನಂತನ ಚತುರ್ದಶಿ, 14 ಗಂಟಿನ ದಾರ ಸಿದ್ಧವಾಗಬೇಕು. ಅದರ ಬೆನ್ನಿಗೇ ಪಿತೃಪಕ್ಷ, ಆಮೇಲೆ ನವರಾತ್ರಿ. ವಿಜಯದಶಮಿ ಕಳೆಯುವವರೆಗೆ ಅಣ್ಣನ ಗಂಟಲಿಗೆ ಬಿಡುವಿಲ್ಲ. ವಿಘ್ನೇಶ್ವರ ಅವನ ಸ್ವರವನ್ನು ಕಾಪಾಡಲಿ.